ಗುರ್ ಅನ್ನುವ ನಾಯಿಯನ್ನು ಬೈಯಬೇಡಿ

ನಾಯಿ ಗುರ್ ಅಂದರೆ ಬೈಯಬೇಡಿ, ಹೊಡೆಯಬೇಡಿ. ನಾನು ಹೇಳಬೇಕು ಅಂತಿರುವುದು ಮುಖ್ಯವಾಗಿ ಇಷ್ಟೇ. ಆದರೆ ಇಷ್ಟು ಹೇಳಿ ಬಿಟ್ಟರೆ ಯಾರೂ ಒಪ್ಪುವುದಿಲ್ಲ. ಮನೆಯಲ್ಲಿ ಸಣ್ಣ ಮಗು ಇರುವಾಗ, ಅನ್ನ ಹಾಕಿದ ಕೈಗೇ ನಾಯಿಮರಿ ಹಲ್ಲು ತೋರಿಸಿದರೆ ಯಾರಿಗಾದರೂ ಹೆದರಿಕೆ ಆಗುತ್ತದೆ. ಸಿಟ್ಟೂ ಬರುತ್ತದೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಚಿಕ್ಕಿ ಊರ ನಾಯಿ. ಉಡುಪಿಯ ಮಲ್ಪೆ ಬಂದರಿನ ಹತ್ತಿರ, ಐಸ್ ಪ್ಲಾಂಟ್ ಒಂದರ ಹಿಂದೆ ಹುಟ್ಟಿದ ಮರಿ. ಅಲ್ಲಿ ಮೀನು ಕೊಯ್ದು ಬಿಸಾಡಿದ ತಲೆ, ಕರುಳು ಇವೇ ಊಟ. ಅದಕ್ಕೂ ಪೈಪೋಟಿ. ಒಡಹುಟ್ಟಿದ ಮರಿಗಳು, ಕಾಗೆ, ಬೆಕ್ಕು, ದೊಡ್ಡ ನಾಯಿಗಳು. ಬೇಗ ನುಂಗಿದವರಿಗೆ ಹೊಟ್ಟೆ ತುಂಬುತ್ತದೆ. ಸಂತೆಕಟ್ಟೆಯ ನಮ್ಮ ಮನೆಗೆ ಬಂದಾಗ ಅವಳಿಗೆ ಎರಡು ತಿಂಗಳಿರಬಹುದು. ಮೊದಲು ಏನೂ ವಿಶೇಷ ಕಾಣಲಿಲ್ಲ. ತಿನ್ನುವುದು ಸ್ವಲ್ಪ ಜಾಸ್ತಿ ಗಡಿಬಿಡಿ ಅನ್ನಿಸಿತು, ಅಷ್ಟೇ.

ನಾಲ್ಕು ತಿಂಗಳು ದಾಟಿದ ಮೇಲೆ ಬೇರೆ ಲಕ್ಷಣ ಶುರುವಾಯಿತು. ಕುಚ್ಚಲಕ್ಕಿ ಗಂಜಿಗೆ ಮುಳ್ಳು ತೆಗೆದ ಬಂಗುಡೆ ಕಲಸಿ ಹಾಕಿದರೆ ಬಟ್ಟಲಿನ ಮೇಲೆ ಬಗ್ಗಿ, ಅದನ್ನು ಮುಚ್ಚಿಕೊಂಡ ಹಾಗೆ ನಿಲ್ಲುತ್ತಿದ್ದಳು. ನಾವು ಯಾರಾದರೂ ಆ ಕಡೆ ಹೋದರೆ ಬಾಲ ಅಲ್ಲಾಡುವುದು ನಿಲ್ಲುತ್ತಿತ್ತು. ತಲೆ ಎತ್ತುತ್ತಿರಲಿಲ್ಲ. ಕಣ್ಣು ಮಾತ್ರ ನಮ್ಮ ಕಡೆ ತಿರುಗಿ, ಅಂಚಿನ ಬಿಳಿ ಕಾಣುತ್ತಿತ್ತು. ಆಮೇಲೆ ಇನ್ನೂ ಜೋರಾಗಿ ನುಂಗುವುದು. ಒಂದು ದಿನ ನನ್ನ ಗಂಡ ಪಕ್ಕದಲ್ಲಿದ್ದ ನೀರಿನ ಪಾತ್ರೆ ಎತ್ತಲು ಬಗ್ಗಿದರು. ಚಿಕ್ಕಿ ಗಂಟಲಿನಿಂದ ಸಣ್ಣಗೆ ಗುರ್ ಅಂದಳು.

ಆಟದ ಸಾಮಾನಿನದ್ದು ಇನ್ನೊಂದು ಕತೆ. ಅಂಗಡಿಯಿಂದ ತಂದ ರಬ್ಬರ್ ಚೆಂಡನ್ನು ಯಾರು ತೆಗೆದುಕೊಂಡರೂ ಅವಳಿಗೆ ಬೇಸರವಿಲ್ಲ. ಅಂಗಳದಲ್ಲಿ ಸಿಕ್ಕಿದ ತೆಂಗಿನ ಸಿಪ್ಪೆಯ ತುಂಡನ್ನು ಮಾತ್ರ ಯಾರೂ ಮುಟ್ಟುವ ಹಾಗಿಲ್ಲ. ಅದನ್ನು ಕಚ್ಚಿಕೊಂಡು ಸೋಫಾದ ಅಡಿಗೆ ಹೋದರೆ ಮುಗಿಯಿತು. ಮಗನ ಕಾಲುಚೀಲಕ್ಕೂ ಅದೇ ಮರ್ಯಾದೆ. ಯಾವುದಕ್ಕೆ ಎಷ್ಟು ಬೆಲೆ ಅಂತ ನಾಯಿಯೇ ತೀರ್ಮಾನಿಸುತ್ತದೆ. ಮನುಷ್ಯರ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಇದನ್ನು ನಾಲ್ಕು ಜನರ ಹತ್ತಿರ ಹೇಳಿದರೆ ನಾಲ್ಕೂ ಜನ ಹೇಳುವುದು ಹೆಚ್ಚುಕಡಿಮೆ ಒಂದೇ. "ತಿನ್ನುವಾಗ ಬಟ್ಟಲಿಗೆ ಕೈ ಹಾಕಿ, ಅಭ್ಯಾಸ ಆಗ್ತದೆ." "ಕಿತ್ಕೊಳ್ಳಿ, ಯಜಮಾನ ಯಾರು ಅಂತ ಗೊತ್ತಾಗ್ಲಿ." "ಈಗ್ಲೇ ಒಂದು ಸರಿಯಾಗಿ ಕೊಡಿ ಮಾರಾಯ್ರೆ, ದೊಡ್ಡದಾದ್ಮೇಲೆ ಕಷ್ಟ." ಹೇಳಿದವರೆಲ್ಲ ಒಳ್ಳೆಯ ಮನಸ್ಸಿನವರೇ. ನಮ್ಮ ಅತ್ತೆ ಮಾತ್ರ ಬೇರೆ ಕೇಳಿದರು. "ತಿನ್ನುವ ನಾಯಿಯ ಹತ್ರ ಹೋಗುದು ಎಂತಕ್ಕೆ? ಅದು ತಿಂದು ಮುಗಿಸ್ಲಿ."

ಅತ್ತೆಯ ಈ ಪ್ರಶ್ನೆ ನನ್ನನ್ನು ತುಂಬ ಯೋಚನೆಗೆ ಹಚ್ಚಿತು. ಅವರ ತವರು ಬ್ರಹ್ಮಾವರದ ಕಡೆ. ಅಲ್ಲಿ ನಾಯಿಗೆ ಹೊಸ್ತಿಲು ದಾಟುವ ಅಭ್ಯಾಸವೇ ಇರಲಿಲ್ಲ. ಹಗಲು ಗೂಡಿನಲ್ಲಿ ಇರುವುದು, ರಾತ್ರಿ ಬಿಡುವುದು. ಮನೆಯವರ ಊಟ ಆದ ಮೇಲೆ ಹಿತ್ತಿಲಿನ ಮೂಲೆಯಲ್ಲಿರುವ ಹಳೆ ಪಾತ್ರೆಗೆ ಅನ್ನ, ಮೀನಿನ ಸಾರು ಸುರಿದು ಬರುವುದು. ಸುರಿದವರು ಅಲ್ಲಿ ನಿಲ್ಲುವುದಿಲ್ಲ. ಮಕ್ಕಳಿಗೂ ಅದೇ ಪಾಠ: ನಾಯಿ ತಿನ್ನುವಾಗ, ಮಲಗಿದಾಗ, ಮರಿ ಹಾಕಿದಾಗ ಹತ್ತಿರ ಹೋಗಬಾರದು. ಆ ನಾಯಿಗಳಲ್ಲೂ ಚಿಕ್ಕಿಯ ಹಾಗೆ ಬಟ್ಟಲು ಕಾಯುವವು ಎಷ್ಟೋ ಇದ್ದಿರಬೇಕು. ಯಾರೂ ಹತ್ತಿರ ಹೋಗದ ಕಾರಣ ಅದು ಯಾರಿಗೂ ತೊಂದರೆ ಅನ್ನಿಸಲಿಲ್ಲ.

ಈಗಿನ ನಮ್ಮ ಮನೆ ನೋಡಿ. ಅಡುಗೆಮನೆಯಿಂದ ಹಾಲ್‌ಗೆ ಹೋಗುವ ದಾರಿಯಲ್ಲೇ ಬಟ್ಟಲು. ಮಗ ಓಡುತ್ತಾನೆ, ಕೆಲಸಕ್ಕೆ ಬರುವವರು ಗುಡಿಸುತ್ತಾರೆ, ಕೊರಿಯರ್ ಹುಡುಗ ಬೆಲ್ ಮಾಡುತ್ತಾನೆ. ಮಣಿಪಾಲದ ಫ್ಲ್ಯಾಟ್‌ಗಳಲ್ಲಿ ಇನ್ನೂ ಇಕ್ಕಟ್ಟು. ಮಳೆಗಾಲ ಬಂತೆಂದರೆ ಎಲ್ಲರೂ ಎಲ್ಲ ಹೊತ್ತೂ ಒಳಗೆ. ಚಪ್ಪಲಿಯೂ ಒಳಗೆ, ಒಣಗಲು ಹಾಕಿದ ಬಟ್ಟೆಯೂ ಒಳಗೆ, ನಾಯಿಯೂ ಒಳಗೆ. ನಾಯಿಗೂ ನಮಗೂ ನಡುವೆ ಇದ್ದ ಜಾಗ ಹೋಗಿಬಿಟ್ಟಿದೆ. ಹಳೆಯ ಕಾಲದ ನಾಯಿ ಸಾಕಣೆ ಎಲ್ಲ ಚೆನ್ನಾಗಿತ್ತು ಅಂತ ಹೇಳುತ್ತಿಲ್ಲ. ಸರಪಳಿಯಲ್ಲೇ ಬದುಕು ಕಳೆದ ನಾಯಿಗಳನ್ನು ನೆನೆದರೆ ಸಂಕಟವಾಗುತ್ತದೆ. ಆದರೆ ತಿನ್ನುವ ಪ್ರಾಣಿಯನ್ನು ಅದರ ಪಾಡಿಗೆ ಬಿಡಬೇಕು ಅನ್ನುವ ಆ ಒಂದು ತಿಳಿವಳಿಕೆಯನ್ನು ನಾವು ಕಳೆದುಕೊಳ್ಳಬಾರದಿತ್ತು.

ಬಟ್ಟಲಿಗೆ ಕೈ ಹಾಕುವ ಸಲಹೆಯ ವಿಷಯಕ್ಕೆ ಬರುತ್ತೇನೆ. ನೀವು ಮದುವೆ ಊಟಕ್ಕೆ ಕೂತಿದ್ದೀರಿ. ಪಾಯಸ ಬಡಿಸಿದ್ದಾರೆ. ಯಾರೋ ಬಂದು ಎಲೆಯನ್ನೇ ಎಳೆದುಕೊಂಡು ಹೋಗುತ್ತಾರೆ. ಮರುದಿನವೂ ಹಾಗೆಯೇ. ಮೂರನೆಯ ದಿನ ಆ ಮನುಷ್ಯ ದೂರದಲ್ಲಿ ಬರುವುದು ಕಂಡರೂ ನಿಮ್ಮ ಕೈ ಎಲೆಯ ಮೇಲೆ ಹೋಗುವುದಿಲ್ಲವಾ? ನಾಯಿಗೂ ಅಷ್ಟೇ. ಕಿತ್ತುಕೊಳ್ಳುತ್ತಾರೆ ಅನ್ನುವ ಹೆದರಿಕೆಗೆ ಅದು ಗುರ್ ಅನ್ನುತ್ತದೆ. ನಾವು ನಿಜವಾಗಿಯೂ ಕಿತ್ತುಕೊಂಡರೆ, ಅದರ ಹೆದರಿಕೆ ಸರಿಯಾಗಿತ್ತು ಅಂತ ನಾವೇ ಸಾಬೀತು ಮಾಡಿದ ಹಾಗಾಯಿತು.

ಕೆನಡಾದ ಗೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು ನಾಯಿ ಸಾಕಿದವರನ್ನು ಕೇಳಿ ನಡೆಸಿದ ಒಂದು ಸಮೀಕ್ಷೆಯನ್ನು 2018ರಲ್ಲಿ ಪ್ರಕಟಿಸಿದರು. ಊಟದ ನಡುವೆ ಬಟ್ಟಲು ತೆಗೆಯುವ ಮನೆಗಳಲ್ಲಿ ಈ ಕಾಯುವ ಸ್ವಭಾವ ಹೆಚ್ಚು ಕಂಡಿತು. ಊಟದ ನಡುವೆ ರುಚಿಯಾದ ಚೂರು ಸೇರಿಸುವ ಮನೆಗಳಲ್ಲಿ ಕಡಿಮೆ ಕಂಡಿತು. ಸಮೀಕ್ಷೆಯೊಂದರಿಂದ ಯಾವುದು ಕಾರಣ, ಯಾವುದು ಪರಿಣಾಮ ಅಂತ ಪೂರ್ತಿ ಹೇಳಲಾಗುವುದಿಲ್ಲ, ನಿಜ. ಆದರೂ ಈಗ ನಾಯಿಗಳ ವರ್ತನೆಯ ಬಗ್ಗೆ ಕೆಲಸ ಮಾಡುವವರು ಹೇಳುವುದಕ್ಕೂ ಇದಕ್ಕೂ ತಾಳೆಯಾಗುತ್ತದೆ.

ಯಜಮಾನ ಯಾರು ಅಂತ ತೋರಿಸಬೇಕು ಅನ್ನುವ ಮಾತಿನ ಬೇರು ತೋಳಗಳಲ್ಲಿದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಅನ್ನುವ ವಿಜ್ಞಾನಿ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ ಬರೆದರು. ಅವು ಮೇಲೆ ಕೆಳಗೆ ಅನ್ನುವ ಸ್ಥಾನಕ್ಕಾಗಿ ಜಗಳವಾಡುತ್ತಿದ್ದವು. ಅದೇ ವಿಚಾರ ನಾಯಿ ತರಬೇತಿಗೂ ಬಂತು. ಆದರೆ ಕಾಡಿನಲ್ಲಿ ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ ಮತ್ತು ಅವುಗಳ ಮರಿಗಳು. ತೋಳಗಳ ಅಧ್ಯಯನದಲ್ಲೇ ಬದುಕು ಕಳೆದ ವಿಜ್ಞಾನಿ ಡೇವಿಡ್ ಮೀಚ್ 1999ರಲ್ಲಿ ಇದನ್ನು ವಿವರವಾಗಿ ಬರೆದರು. ಅದರಲ್ಲಿ ನನಗೆ ತುಂಬ ಹಿಡಿಸಿದ ಒಂದು ಮಾತಿದೆ. ಪ್ರತಿ ತೋಳದ ಬಾಯಿಯ ಸುತ್ತ ಅದರದ್ದೇ ಆದ ಒಂದು ಜಾಗ ಇರುತ್ತದಂತೆ. ಅದರೊಳಗೆ ಇರುವ ತಿಂಡಿ ಅದರದ್ದು. ಗುಂಪಿನಲ್ಲಿ ಎಷ್ಟೇ ಕೆಳಗಿನ ತೋಳವಾದರೂ ತನ್ನ ಬಾಯಿಯ ಮುಂದಿರುವುದನ್ನು ಕಾಯುತ್ತದೆ. ಅಂದರೆ ಬಟ್ಟಲು ಕಾಯುವುದಕ್ಕೂ ಮನೆಯ ಯಜಮಾನಿಕೆಗೂ ಸಂಬಂಧವಿಲ್ಲ. ನಮ್ಮ ಐದು ತಿಂಗಳ ಮರಿಗೆ ಮನೆ ಆಳುವ ಆಸೆ ಇರಲಿಲ್ಲ. ಬಂಗುಡೆ ಹೋಗಿಬಿಟ್ಟೀತು ಅನ್ನುವ ಚಿಂತೆ ಇತ್ತು.

ಇನ್ನು ಗುರ್ ಅನ್ನುವುದರ ಬಗ್ಗೆ. ನಾಯಿ ಒಮ್ಮೆಲೇ ಕಚ್ಚುವುದು ತೀರಾ ಅಪರೂಪ. ಮೊದಲು ಬೇಗ ತಿನ್ನುತ್ತದೆ. ಮೈ ಬಿಗಿ ಹಿಡಿಯುತ್ತದೆ, ಒಂದು ಕ್ಷಣ ಅಲ್ಲಾಡದೆ ನಿಲ್ಲುತ್ತದೆ. ಕಣ್ಣಿನ ಬಿಳಿ ತೋರಿಸುತ್ತದೆ. ತುಟಿ ಮೇಲೆ ಹೋಗುತ್ತದೆ. ಆಮೇಲೆ ಗುರ್. ಅದಕ್ಕೂ ನಾವು ನಿಲ್ಲದಿದ್ದರೆ ಗಾಳಿಯಲ್ಲಿ ಬಾಯಿ ಹಾಕುತ್ತದೆ. ಕಚ್ಚುವುದು ಕೊನೆಗೆ. ಹೊಡೆದು ಬಡಿದು ಗುರ್ ಅನ್ನುವುದನ್ನು ನಿಲ್ಲಿಸಬಹುದು, ಅದೇನೂ ಕಷ್ಟವಲ್ಲ. ಹೆದರಿಕೆ ಮಾತ್ರ ಹಾಗೆಯೇ ಉಳಿಯುತ್ತದೆ. ಆಮೇಲೆ ಜನ ಹೇಳುತ್ತಾರಲ್ವಾ, "ಏನೂ ಸೂಚನೆ ಕೊಡದೆ ಕಚ್ಚಿಬಿಟ್ಟಿತು" ಅಂತ. ಸೂಚನೆ ಕೊಟ್ಟಾಗಲೆಲ್ಲ ಪೆಟ್ಟು ತಿಂದ ನಾಯಿ ಸೂಚನೆ ಕೊಡುವುದನ್ನೇ ಬಿಟ್ಟಿರುತ್ತದೆ. ಮಗು ಇರುವ ಮನೆಯಲ್ಲಿ ನನಗೆ ಬೇಕಾದದ್ದು ಗುರ್ ಅನ್ನುವ ನಾಯಿಯೇ.

ಹಾಗಾದರೆ ನಾವು ಮಾಡಿದ್ದೇನು? ಮೊದಲು ಜಾಗ ಬದಲಾಯಿಸಿದೆವು. ಬಟ್ಟಲು ಹಿಂದಿನ ಕೋಣೆಗೆ ಹೋಯಿತು. ಅವಳು ತಿನ್ನುವಾಗ ಆ ದಾರಿಯಲ್ಲಿ ಸುಮ್ನೆ ಯಾರೂ ಓಡಾಡಬಾರದು ಅಂತ ತೀರ್ಮಾನವಾಯಿತು. ಚಪ್ಪಲಿಗೆ ಎತ್ತರದ ಸ್ಟ್ಯಾಂಡ್ ಬಂತು. ಕಾಲುಚೀಲ ನೆಲದ ಮೇಲೆ ಬಿಡಬಾರದು ಅಂತ ಮಗನಿಗೆ ಹೇಳಿದೆವು. ಇದು ತರಬೇತಿಯಲ್ಲ, ಬರೀ ವ್ಯವಸ್ಥೆ. ಆದರೆ ಅರ್ಧ ಜಗಳ ಇದರಲ್ಲೇ ಮುಗಿಯುತ್ತದೆ. ನಾಯಿಗೂ ಪ್ರತಿ ಊಟ ಯುದ್ಧ ಅನ್ನಿಸುವುದು ನಿಂತಿತು.

ಆಮೇಲೆ ನಿಧಾನದ ಕೆಲಸ. ಉಪ್ಪು, ಖಾರ, ಈರುಳ್ಳಿ ಹಾಕದೆ ಬೇಯಿಸಿದ ಕೋಳಿಯ ಸಣ್ಣ ಸಣ್ಣ ಚೂರುಗಳನ್ನು ಡಬ್ಬಿಯಲ್ಲಿ ಇಟ್ಟುಕೊಂಡೆವು. ಈರುಳ್ಳಿ ನಾಯಿಗೆ ವಿಷ, ಅದು ನೆನಪಿರಲಿ. ಬಟ್ಟಲಿನಲ್ಲಿ ಬರೀ ಗಂಜಿ, ಅಥವಾ ಅವಳ ಒಣ ಆಹಾರ. ಅವಳು ತಿನ್ನುತ್ತಿರುವಾಗ ನಾನು ದೂರದಲ್ಲಿ ಕಾಣಿಸಿಕೊಳ್ಳುತ್ತಿದ್ದೆ. ಎಷ್ಟು ದೂರ ಅಂದರೆ, ನನ್ನನ್ನು ಕಂಡೂ ಅವಳ ಮೈ ಬಿಗಿಯಾಗಬಾರದು, ತಿನ್ನುವ ವೇಗ ಬದಲಾಗಬಾರದು. ಅಲ್ಲಿಂದ ಒಂದು ಕೋಳಿ ಚೂರು ಬಟ್ಟಲಿನ ಹತ್ತಿರ ಬೀಳುವ ಹಾಗೆ ಎಸೆದು ವಾಪಸ್ ಹೋಗಿಬಿಡುವುದು. ನಿಲ್ಲಬಾರದು, ಮಾತಾಡಿಸಬಾರದು, ನೋಡುತ್ತ ಕೂರಬಾರದು. ಬಂದರು, ಕೊಟ್ಟರು, ಹೋದರು. ಅಷ್ಟೇ.

ಇದರಲ್ಲಿ ಕ್ರಮ ಮುಖ್ಯ. ಮೊದಲು ನಾವು ಕಾಣಬೇಕು, ಆಮೇಲೆ ಚೂರು ಬರಬೇಕು. ಚೂರನ್ನು ಮೊದಲೇ ಆಡಿಸುತ್ತ ಹೋದರೆ ಅವಳ ಗಮನವೆಲ್ಲ ಅದರ ಮೇಲೆ ಇರುತ್ತದೆ. ನಾವು ಬರುವುದಕ್ಕೂ ಒಳ್ಳೆಯದಾಗುವುದಕ್ಕೂ ಸಂಬಂಧ ಕೂಡುವುದಿಲ್ಲ. ಮತ್ತೆ ಅವಸರ ಮಾಡಬಾರದು. ನಿನ್ನೆ ಒಂದು ಹೆಜ್ಜೆ ಹತ್ತಿರ ಹೋದೆವು ಅಂತ ಇವತ್ತು ಮೂರು ಹೆಜ್ಜೆ ಹೋಗುವುದಲ್ಲ. ಮೈ ಬಿಗಿಯಾಯಿತೋ, ಹಿಂದಿನ ದೂರಕ್ಕೆ ವಾಪಸ್. ಸೋತ ಹಾಗೆ ಅನ್ನಿಸುತ್ತದೆ, ಆದರೆ ಬೇಗ ಮುಂದೆ ಹೋಗುವ ದಾರಿ ಅದೇ.

ಬದಲಾವಣೆ ಕಂಡದ್ದು ಕುತ್ತಿಗೆಯಲ್ಲಿ. ಮೊದಲು ನಮ್ಮ ಹೆಜ್ಜೆ ಸದ್ದಿಗೆ ತಲೆ ಬಟ್ಟಲಿನ ಒಳಗೆ ಹೋಗುತ್ತಿತ್ತು. ಕೆಲವು ವಾರಗಳ ನಂತರ ಅದೇ ಸದ್ದಿಗೆ ತಲೆ ಮೇಲೆ ಬರತೊಡಗಿತು. ಬಾಯಲ್ಲಿ ಗಂಜಿ ಇಟ್ಟುಕೊಂಡೇ ಬಾಗಿಲಿನ ಕಡೆ ನೋಡುವುದು, ಹಿಂಭಾಗ ಪೂರ್ತಿ ಅಲ್ಲಾಡಿಸುವುದು. ಆಗ ನನಗಾದ ಸಂತೋಷ ಹೇಳಲು ಬರುವುದಿಲ್ಲ. ಅವಳು ಹೇಳಿದ್ದು ಕೇಳಿದಳು ಅನ್ನುವ ಸಂತೋಷ ಅಲ್ಲ ಅದು. ಒಂದು ಹೆದರಿಕೆ ಕಡಿಮೆಯಾದದ್ದು ಕಣ್ಣಿಗೆ ಕಂಡ ಸಂತೋಷ.

ಆದರೆ ನನ್ನ ಜೊತೆ ಕಲಿತದ್ದು ನನ್ನ ಗಂಡನಿಗೆ ಲಾಗು ಆಗಲಿಲ್ಲ. ಅವರು ಮತ್ತೆ ದೂರದಿಂದಲೇ ಶುರು ಮಾಡಬೇಕಾಯಿತು. ಅತ್ತೆಯದ್ದೂ ಬೇರೆಯೇ ಲೆಕ್ಕ. ಮನೆಯಲ್ಲಿ ಒಬ್ಬರಿಗೆ ಸುಮ್ಮನಿರುವ ನಾಯಿ ಇನ್ನೊಬ್ಬರಿಗೆ ಗುರ್ ಅಂದರೆ ಅದರಲ್ಲಿ ಮೋಸ ಏನೂ ಇಲ್ಲ. ಪ್ರತಿಯೊಬ್ಬ ಮನುಷ್ಯನ ಬಗ್ಗೆಯೂ ಅದು ಹೊಸದಾಗಿ ಕಲಿಯಬೇಕು. ಏಳು ವರ್ಷದ ಮಗನನ್ನು ಈ ಅಭ್ಯಾಸಕ್ಕೆ ನಾವು ಸೇರಿಸಲೇ ಇಲ್ಲ. ಸೇರಿಸಬಾರದು. ಮಕ್ಕಳು ಓಡುತ್ತಾರೆ, ಒಮ್ಮೆಲೇ ಬಗ್ಗುತ್ತಾರೆ, ಅವರ ಮುಖ ನಾಯಿಯ ಬಾಯಿಯ ಎತ್ತರಕ್ಕೇ ಇರುತ್ತದೆ. ಅವನಿಗೆ ಹೇಳಿದ್ದು ಅವನ ಅಜ್ಜಿಯ ಪಾಠವನ್ನೇ. ತಿನ್ನುವಾಗ, ಮಲಗಿದಾಗ, ಬಾಯಲ್ಲಿ ಏನಾದರೂ ಇರುವಾಗ ಹತ್ತಿರ ಹೋಗಬೇಡ, ದೊಡ್ಡವರನ್ನು ಕರೆ. ಅವನು ಅದನ್ನು ಬೇಗ ಕಲಿತ.

ಆಟದ ಸಾಮಾನಿಗೆ ವಿನಿಮಯದ ದಾರಿ. ಅವಳಿಗೆ ಅಷ್ಟೇನೂ ಇಷ್ಟವಿಲ್ಲದ ಚೆಂಡಿನಿಂದ ಶುರು ಮಾಡಿದೆವು. ಚೆಂಡು ಬಾಯಲ್ಲಿ ಇರುವಾಗ "ಬಿಡು" ಅನ್ನುವುದು, ಮೂಗಿನ ಮುಂದೆ ಕೋಳಿ ಚೂರು ಹಿಡಿಯುವುದು. ಬಾಯಿ ತೆರೆದ ಕೂಡಲೇ ಚೂರು ಅವಳಿಗೆ. ಆಮೇಲೆ ಚೆಂಡೂ ವಾಪಸ್ ಅವಳಿಗೇ. ಈ ವಾಪಸ್ ಕೊಡುವುದನ್ನು ಜನ ಬಿಟ್ಟುಬಿಡುತ್ತಾರೆ. ಬಾಯಿಂದ ಬಿಟ್ಟರೆ ವಸ್ತು ಕೈತಪ್ಪಿ ಹೋಗುವುದಿಲ್ಲ, ಇನ್ನೂ ಲಾಭ ಅಂತ ನಾಯಿಗೆ ಗೊತ್ತಾಗುವುದೇ ಇದರಿಂದ. ಚೆಂಡಿನಿಂದ ಹಗ್ಗಕ್ಕೆ, ಹಗ್ಗದಿಂದ ಹಳೆ ಬಟ್ಟೆಗೆ, ಹೀಗೆ ಮೇಲೆ ಹೋಗುವುದು. ತೆಂಗಿನ ಸಿಪ್ಪೆ ಎಲ್ಲಕ್ಕಿಂತ ಕೊನೆಗೆ.

ಓಡಿಸಿಕೊಂಡು ಹೋಗುವುದು ಮಾತ್ರ ಬೇಡವೇ ಬೇಡ. ಚಪ್ಪಲಿ ಕಚ್ಚಿಕೊಂಡು ಓಡುವ ಮರಿಯ ಹಿಂದೆ ಮನೆಯವರೆಲ್ಲ ಕೂಗುತ್ತ ಓಡಿದರೆ, ಆ ಚಪ್ಪಲಿಯ ಬೆಲೆ ಅವತ್ತೇ ಏರುತ್ತದೆ. ಮೂಲೆಗೆ ಸಿಕ್ಕಿಸಿ ಬಾಯಿ ಬಿಡಿಸಿದರೆ ಮುಂದಿನ ಸಲ ಅದು ಇನ್ನೂ ಕತ್ತಲ ಮೂಲೆ ಹುಡುಕುತ್ತದೆ. ಇಲ್ಲವೇ ನುಂಗಿಬಿಡುತ್ತದೆ. ಅಪಾಯವಿಲ್ಲದ ವಸ್ತುವಾದರೆ ಬಿಟ್ಟುಬಿಡಿ. ಹರಿದ ಕಾಲುಚೀಲ ಹರಿಯಲಿ.

ಅಪಾಯದ್ದಾದರೆ? ಬೇಯಿಸಿದ ಕೋಳಿ ಮೂಳೆ, ಮಾತ್ರೆಯ ಪಟ್ಟಿ, ಮೀನಿನ ಗಾಳ, ಇಂಥವು ನಮ್ಮ ಕಡೆ ಸಿಗುವುದೇ. ಆಗ ಒಂದೇ ಒಂದು ಚೂರು ಸಾಲದು. ಒಂದು ಹಿಡಿ ಕೋಳಿ ಚೂರನ್ನು ಅವಳಿಂದ ಸ್ವಲ್ಪ ದೂರ ನೆಲದ ಮೇಲೆ ಚೆಲ್ಲಿ. ಅವಳು ಹೆಕ್ಕಲು ಹೋದಾಗ ಪಕ್ಕದ ಕೋಣೆಯ ಕಡೆ ಇನ್ನಷ್ಟು ಚೆಲ್ಲುತ್ತ ಕರೆದುಕೊಂಡು ಹೋಗಿ ಬಾಗಿಲು ಹಾಕಿ. ಆಮೇಲೆ ಬಂದು ಆ ವಸ್ತುವನ್ನು ತೆಗೆಯಿರಿ. ಅವಳ ಕಣ್ಣೆದುರೇ ಬಗ್ಗಿ ತೆಗೆದರೆ ಓಡಿ ಬರುತ್ತಾಳೆ. ಗಾಳ ಅಥವಾ ಮಾತ್ರೆ ಹೊಟ್ಟೆಗೆ ಹೋಗಿರಬಹುದು ಅನ್ನಿಸಿದರೆ ಕಾಯಬೇಡಿ, ಸೀದಾ ಪಶುವೈದ್ಯರ ಹತ್ತಿರ.

ಮರಿಗಳ ವಯಸ್ಸನ್ನೂ ನೋಡಬೇಕು. ಸುಮಾರು ನಾಲ್ಕರಿಂದ ಆರು ತಿಂಗಳ ನಡುವೆ 28 ಹಾಲುಹಲ್ಲು ಬಿದ್ದು 42 ದೊಡ್ಡ ಹಲ್ಲು ಬರುತ್ತವೆ. ಒಸಡು ನೋಯುತ್ತದೆ, ಏನಾದರೂ ಜಗಿಯಲೇಬೇಕು. ಜಗಿಯಲು ನಾವು ಕೊಡದಿದ್ದರೆ ಅದು ಹುಡುಕಿಕೊಳ್ಳುತ್ತದೆ, ಹುಡುಕಿಕೊಂಡದ್ದನ್ನು ಕಾಯುತ್ತದೆ. ಹೊಟ್ಟೆಯಲ್ಲಿ ಹುಳ ಇದ್ದರೆ ಹಸಿವು ಜಾಸ್ತಿ. ಸ್ಟೆರಾಯ್ಡ್ ಔಷಧಿ ಕೊಟ್ಟಾಗಲೂ ಹಸಿವು ಏರುತ್ತದೆ. ಯಾವತ್ತೂ ಹೀಗೆ ಮಾಡದ ದೊಡ್ಡ ನಾಯಿ ಒಮ್ಮೆಲೇ ಶುರು ಮಾಡಿದರೆ ಹಲ್ಲು, ಕಿವಿ, ಕೀಲು ಎಲ್ಲಿಯಾದರೂ ನೋವಿದೆಯಾ ಅಂತ ಮೊದಲು ನೋಡಿಸಬೇಕು. ನೋವಿರುವ ನಾಯಿಗೆ ಕೋಳಿ ಚೂರಿನ ಪಾಠ ಮಾಡಿ ಪ್ರಯೋಜನವಿಲ್ಲ.

ಇನ್ನೊಂದು ವಿಷಯದಲ್ಲಿ ನನಗೆ ಸ್ವಲ್ಪವೂ ಸಡಿಲಿಕೆ ಇಲ್ಲ. ನಾಯಿ ಕಚ್ಚಿ ಗಾಯವಾಯಿತೋ, ಹಲ್ಲು ತಾಗಿ ಚರ್ಮ ತರಚಿತೋ, ಮನೆಯ ನಾಯಿಯೇ ಆಗಿರಲಿ, ಕೂಡಲೇ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ ಏನೂ ಹಚ್ಚಬಾರದು. ಆಮೇಲೆ ಆಸ್ಪತ್ರೆ. ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯೋ, ಹತ್ತಿರದ ಇನ್ನೊಂದೋ, ಹೋಗುವುದು ಮುಖ್ಯ. ಚರ್ಮದೊಳಗೆ ಕೊಡುವ ರೇಬಿಸ್ ಲಸಿಕೆಯಾದರೆ 0 (ಮೊದಲ ಚುಚ್ಚುಮದ್ದಿನ ದಿನ), 3, 7 ಮತ್ತು 28ನೆಯ ದಿನ. ಮಧ್ಯದಲ್ಲಿ ಬಿಡುವ ಹಾಗಿಲ್ಲ. ರೇಬಿಸ್ ಲಕ್ಷಣ ಬಂದ ಮೇಲೆ ಉಳಿಸುವುದು ಹೆಚ್ಚುಕಡಿಮೆ ಅಸಾಧ್ಯ. ಮರಿಗೆ ಮೂರು ತಿಂಗಳಾದಾಗ ರೇಬಿಸ್ ಲಸಿಕೆ ಹಾಕಿಸಿ, ಆಮೇಲೆ ವೈದ್ಯರು ಹೇಳಿದ ಹಾಗೆ ಮತ್ತೆ ಹಾಕಿಸುತ್ತ ಹೋಗಬೇಕು. ಗುರ್ ಅನ್ನುವ ನಾಯಿಯನ್ನು ಪ್ರೀತಿಯಿಂದ ನೋಡಿ ಅಂತ ಹೇಳುವವರು ಇದನ್ನೂ ಹೇಳಲೇಬೇಕು. ಇಲ್ಲದಿದ್ದರೆ ಆ ಪ್ರೀತಿಯಲ್ಲಿ ಜವಾಬ್ದಾರಿ ಇಲ್ಲ.

ರಕ್ತ ಬರುವ ಹಾಗೆ ಕಚ್ಚಿದ್ದರೆ, ತಿಂಡಿಯ ಜೊತೆ ಸೋಫಾ, ಬಾಗಿಲು, ಒಬ್ಬ ಮನುಷ್ಯ ಇವನ್ನೆಲ್ಲ ಕಾಯಲು ಶುರು ಮಾಡಿದ್ದರೆ, ಮನೆಯಲ್ಲಿ ನಡೆಯಲು ಕಲಿಯುತ್ತಿರುವ ಕೂಸಿದ್ದರೆ, ಬರಹ ಓದಿಕೊಂಡು ಮಾಡುವ ಕೆಲಸ ಅಲ್ಲ ಇದು. ಪಶುವೈದ್ಯರನ್ನು ಕೇಳಿ, ಹೊಡೆಯದೆ ಕಲಿಸುವ ತರಬೇತುದಾರರನ್ನು ಹುಡುಕಬೇಕು. ಈಗ ವಿಡಿಯೋ ಕರೆಯಲ್ಲೂ ನೋಡಿ ಹೇಳುವವರಿದ್ದಾರೆ. ಕುತ್ತಿಗೆಗೆ ಮುಳ್ಳಿನ ಪಟ್ಟಿ ಕಟ್ಟಿ ಒಂದೇ ವಾರದಲ್ಲಿ ಸರಿ ಮಾಡುತ್ತೇನೆ ಅನ್ನುವವರ ಹತ್ತಿರ ಹೋಗಬೇಡಿ.

ಚಿಕ್ಕಿಗೆ ಈಗ ವರ್ಷ ದಾಟಿದೆ. ಗಂಜಿ, ಒಣ ಆಹಾರ ತಿನ್ನುವಾಗ ನಾನು, ನನ್ನ ಗಂಡ, ಅತ್ತೆ ಯಾರು ಪಕ್ಕದಲ್ಲಿ ಹೋದರೂ ಬಾಲ ಅಲ್ಲಾಡುತ್ತದೆ. ಚೆಂಡು, ಹಗ್ಗ, ಕಾಲುಚೀಲ "ಬಿಡು" ಅಂದರೆ ಬಿಡುತ್ತಾಳೆ. ಮೀನಿನ ವಿಷಯ ಇನ್ನೂ ಪೂರ್ತಿ ಆಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆ ಎರಡು ತಿಂಗಳು ಮೀನು ಕಡಿಮೆ, ರೇಟು ಜಾಸ್ತಿ, ಅವಳ ಪಾಲಿಗೂ ಅಪರೂಪ. ಆಗಸ್ಟಿನಲ್ಲಿ ಮತ್ತೆ ಬಂಗುಡೆ ಬಟ್ಟಲಿಗೆ ಬಂದಾಗ ಅವಳ ಮೈ ಸ್ವಲ್ಪ ಬಿಗಿಯಾಯಿತು. ನಾವು ಮತ್ತೆ ದೂರ ಹೋಗಿ, ಅಲ್ಲಿಂದ ಶುರು ಮಾಡಿದೆವು. ಅವಳು ಪೂರ್ತಿ ಬದಲಾಗಲೇಬೇಕು ಅಂತ ನನಗೆ ಹಟವೂ ಇಲ್ಲ. ಮೀನು ತಿನ್ನುವಾಗ ಒಬ್ಬಳೇ ಇರಬೇಕು ಅನ್ನಿಸಿದರೆ ಇರಲಿ. ಅದಕ್ಕೊಂದು ಕೋಣೆ ಇದೆ.

ಚೌತಿಗೆ ನಾದಿನಿಯ ಮಕ್ಕಳು ಬರುತ್ತಾರೆ, ಇಬ್ಬರೂ ಸಣ್ಣವರು. ಅವರಿಗೆ ಚಿಕ್ಕಿ ಅಂದರೆ ಪ್ರಾಣ. ಅವರು ಇರುವಷ್ಟು ದಿನ ಅವಳ ಊಟ, ಜಗಿಯುವ ಸಾಮಾನು ಎಲ್ಲ ಹಿಂದಿನ ಕೋಣೆಯಲ್ಲೇ, ಬಾಗಿಲು ಹಾಕಿ ಚಿಲಕ ಇಟ್ಟು. ಊಟ ಮುಗಿದು ಬಟ್ಟಲು ಎತ್ತಿದ ಮೇಲೆ, ದೊಡ್ಡವರು ಒಬ್ಬರು ಜೊತೆಗೆ ಇದ್ದಾಗ, ಅಂಗಳದಲ್ಲಿ ಅವರೆಲ್ಲ ಎಷ್ಟು ಬೇಕಾದರೂ ಆಡಲಿ.